ಬಾಯಿ ಬಿಡಿಸುವ ಸೂಜಿ

ಮೊನ್ನೆ ಬಂಗಾರಪೇಟೆಯ ಒಂದು ಆಸ್ಪತ್ರೆಯಲ್ಲಿ, ಬೆನ್ನ ಹಿಂದೆ ಲಾಡಿ ಕಟ್ಟುವ ಹಸಿರು ನಿಲುವಂಗಿ ತೊಟ್ಟು ಮಲಗಿದ್ದೆ. ಹರ್ನಿಯಾ ಆಪರೇಷನ್ನು. ಹೇಳಿಕೊಂಡು ಮೆರೆಯುವಂಥ ಕಾಯಿಲೆಯೇನಲ್ಲ. ಸ್ಪಿರಿಟ್ಟಿನ ವಾಸನೆಯ ಜೊತೆಗೇ ನರ್ಸಮ್ಮ ಬಂದು ಬೆರಳುದ್ದದ ಒಂದು ಸಿರಿಂಜನ್ನು ಟ್ರೇಯಲ್ಲಿಟ್ಟಳು. "ಇದು ಮತ್ತಿಂದಲ್ಲ ಸಾರ್, ಅದಕ್ಕೆ ಮುಂಚಿಂದು. ಭಯ ಓಗಕ್ಕೆ" ಅಂದಳು. ನನಗೆ ಭಯ ಶುರುವಾದದ್ದೇ ಆಗ. ಏಕೆಂದರೆ ಮಂಚದ ಪಕ್ಕದ ಸ್ಟೂಲಿನ ಮೇಲೆ ನಮ್ಮ ದೊಡ್ಡಮ್ಮ ಕೂತಿದ್ದಳು. ಆ ಸೂಜಿ ಏನು ಮಾಡುತ್ತದೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ನಿಮಗೂ ಗೊತ್ತಾಗಬೇಕಾದರೆ ನೀವು ನನ್ನ ಜೊತೆ ಇಪ್ಪತ್ತು ಚಿಲ್ಲರೆ ವರ್ಷ ಹಿಂದಕ್ಕೆ, ಕಾಮಸಮುದ್ರದ ಆಚೆಗಿನ ನಮ್ಮ ಹಳ್ಳಿಗೆ ಬರಬೇಕು. ಅಲ್ಲಿ ದೊಡ್ಡಮ್ಮ ಮತ್ತು ಚಿಕ್ಕಮ್ಮ, ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ ಮತ್ತು ತಮ್ಮನ ಹೆಂಡತಿ, ಒಂದೇ ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ಸಂಸಾರ ಮಾಡುತ್ತಿದ್ದರು. ಬೆಳಗ್ಗೆ ಡೈರಿಯಲ್ಲಿ ಹಾಲು ಹಾಕುವ ಸಾಲಿನಲ್ಲಿ ಜಗಳ, ಸಂಜೆ ಒಬ್ಬರ ತಲೆ ಇನ್ನೊಬ್ಬರು ಬಾಚುವಷ್ಟು ಪ್ರೀತಿ. ದೊಡ್ಡಮ್ಮ ಗಂಗಮ್ಮನಿಗೆ ಹರಕೆ ಹೊತ್ತು ಒಂದು ಕೆಂಪು ಹುಂಜ ಸಾಕಿದ್ದಳು. ದೇವರ ಹುಂಜ ಅನ್ನುವ ಸೊಕ್ಕು ಅದಕ್ಕೂ ಇತ್ತು. ಯಾರ ಕೈಗೂ ಸಿಗುತ್ತಿರಲಿಲ್ಲ.

ನನ್ನ ಸ್ಕೂಟರಿಗೆ ಸಿಕ್ಕಿತು. ನಾನು ಆಗ ರಾಬರ್ಟ್‌ಸನ್‌ಪೇಟೆಯ ಒಂದು ಕಚೇರಿಯಲ್ಲಿ ಗುಮಾಸ್ತ, ಭಾನುವಾರಗಳಂದು ಹಳ್ಳಿಗೆ ಹೋಗಿ ಬರುತ್ತಿದ್ದೆ. ನನ್ನ ಸ್ಕೂಟರಿನ ಬ್ರೇಕು ಮನಸ್ಸು ಬಂದರೆ ಹಿಡಿಯುತ್ತಿತ್ತು. ಅವತ್ತು ಚಿಕ್ಕಮ್ಮನ ಮನೆ ತಿರುವಿನಲ್ಲಿ ಅದಕ್ಕೆ ಮನಸ್ಸು ಬರಲಿಲ್ಲ. ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಚಿಕ್ಕಮ್ಮ ಓಡಿಬಂದಳು, ಒದ್ದಾಡುತ್ತಿದ್ದ ಹುಂಜವನ್ನು ನೋಡಿದಳು, ನನ್ನ ಮುಖ ನೋಡಿದಳು. "ಬಾಯ್ ಮುಚ್ಕೊಂಡು ಒಳೀಕ್ ನಡೀಲಾ" ಅಂದಳು. ಮುಂದಿನದೆಲ್ಲ ಅವಳದೇ ಕೈಚಳಕ. ಪುಕ್ಕ ತಿಪ್ಪೆಯೊಳಕ್ಕೆ ಹೋಯಿತು, ಹುಂಜ ಮಡಕೆಯೊಳಕ್ಕೆ ಹೋಯಿತು.

ಈಗ ಒಂದು ಕಷ್ಟ ಬಂತು. ನಮ್ಮ ಕಡೆ ಬಾಡು ಬೆಂದರೆ ಗೋಡೆಯಾಚೆಗೆ ಒಂದು ಬಟ್ಟಲು ಹೋಗಲೇಬೇಕು. ವಾಸನೆ ಹೋಗಿ ಬಟ್ಟಲು ಹೋಗದಿದ್ದರೆ ಅನುಮಾನ ಹುಟ್ಟುತ್ತದೆ. ಹಾಗಾಗಿ ದೊಡ್ಡಮ್ಮನ ಹುಂಜದ ಸಾರು, ಒಂದು ಕಾಲಿನ ಸಮೇತ, ದೊಡ್ಡಮ್ಮನಿಗೇ ಹೋಯಿತು. "ಮಗ ಬಂದವ್ನೆ ಅಂತ ಪೇಟೆಯಿಂದ ಕೋಳಿ ತರ್ಸಿದ್ದೆ ಅಕ್ಕ" ಅಂದಳು ಚಿಕ್ಕಮ್ಮ. ದೊಡ್ಡಮ್ಮ ಮುದ್ದೆ ಮುರಿದು ಬಟ್ಟಲು ಬಳಿದು ತಿಂದಳು.

ಮಾರನೆಯ ಬೆಳಗ್ಗೆ ಹುಂಜ ಕೂಗಲಿಲ್ಲ. ನಾನು ಕೆಲಸಕ್ಕೆ ಹೊರಟಿದ್ದೆ. ದೊಡ್ಡಮ್ಮ ಬೀದಿಯಲ್ಲಿ ನಿಂತು, ಒಂದು ಹಿಡಿ ಮಣ್ಣು ತೂರಿ, "ನನ್ ಉಂಜ ತಿಂದೋರ ಒಟ್ಟೆ ಕುಯ್ಯಂಗಾಗ್ಲಿ!" ಎಂದು ಶಾಪ ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀನೇನಾದ್ರೂ ನೋಡ್ದೇನಪ್ಪಾ? ನಮ್ ವಂಸದಾಗೆ ಸುಳ್ಳೇಳ್ದೆ ಇರೋನು ಅಂದ್ರೆ ನೀನೊಬ್ನೇ."

"ಇಲ್ಲ ದೊಡ್ಡಮ್ಮ" ಅಂದು ಸ್ಕೂಟರಿಗೆ ಒದ್ದೆ. ಅದೂ ನಾಚಿಕೊಂಡಿತೋ ಏನೋ, ನಾಲ್ಕು ಒದೆಗೆ ಸ್ಟಾರ್ಟಾಯಿತು.

ಕೆಲವು ವರ್ಷ ಕಳೆದು ಚಿಕ್ಕಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿಕೊಂಡಿತು. ಹೊಟ್ಟೆ ಕುಯ್ಯಬೇಕು ಅಂದರು ಡಾಕ್ಟರು. ಚಿಕ್ಕಮ್ಮ ನನ್ನ ಮುಖ ನೋಡಿದಳು. ನಾನು ನನ್ನ ಹೊಟ್ಟೆ ಮುಟ್ಟಿಕೊಂಡೆ.

ಆಸ್ಪತ್ರೆಯಲ್ಲಿ ಅವಳ ಜೊತೆ ಉಳಿಯಲು ಬಂದವಳು ದೊಡ್ಡಮ್ಮನೇ; ಬೇರೆ ಹೆಂಗಸರು ಯಾರಿದ್ದರು? ಮತ್ತಿನ ಮದ್ದು ಕೊಡುವ ಡಾಕ್ಟರಮ್ಮ ಹಿಂದಿನ ದಿನವೇ ಬಂದು ವಿಚಾರಿಸಿದರು. ಉಬ್ಬಸ ಇದೆಯಾ, ಹಲ್ಲು ಅಲ್ಲಾಡುತ್ತಾ, ಹೊಗೆಸೊಪ್ಪು ಹಾಕ್ತೀರಾ, ಎಲ್ಲವನ್ನೂ ಕೇಳಿದರು. ಬೆಳಗ್ಗೆ ಏನೂ ತಿನ್ನಬಾರದು, ಮತ್ತಿನಲ್ಲಿರುವಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಅಪಾಯ ಅಂದರು. ಆಮೇಲೆ, "ಮತ್ತಿಗೆ ಮುಂಚೆ ಒಂದು ಸಣ್ಣ ಇಂಜೆಕ್ಷನ್ ಕೊಡ್ತೀವಮ್ಮ. ಭಯಕ್ಕೆ ಎದೆ ಹೊಡ್ಕೊಂಡು ಬಿಪಿ ಏರಬಾರದಲ್ಲ, ಅದಕ್ಕೆ. ಕೆಲವರು ಆಗ ಏನೇನೋ ಮಾತಾಡ್ತಾರೆ. ಪರವಾಗಿಲ್ಲ, ಆಮೇಲೆ ಅವರಿಗೆ ನೆನಪೇ ಇರಲ್ಲ" ಅಂದು ನಕ್ಕರು.

ಚಿಕ್ಕಮ್ಮ ನಗಲಿಲ್ಲ. "ಮಾತಾಡೋದು ನಾನು, ಏನ್ ಮಾತಾಡ್ದೆ ಅಂತ ನಂಗೇ ಗೊತ್ತಿರಾಕಿಲ್ವಾ?" ಅಂದಳು. ಬಾಯಿಯ ಜೊಲ್ಲು ಒಣಗಲು ಇನ್ನೊಂದು ಇಂಜೆಕ್ಷನ್ ಇದೆ ಎಂದು ತಿಳಿದಾಗ ಅವಳಿಗೆ ಜೀವ ಬಂತು. "ಬಾಯಿ ಒಣಗ್ಸೋದು ಎರಡು ಚುಚ್ಚವ್ವ. ಭಯದ್ದು ಬ್ಯಾಡ, ಭಯ ಇರ್ಲಿ." ಡಾಕ್ಟರಮ್ಮ ಒಪ್ಪಲಿಲ್ಲ. ಅವರು ಅತ್ತ ಹೋದ ಮೇಲೆ ಚಿಕ್ಕಮ್ಮ ನನ್ನ ಕೈ ಹಿಡಿದು, "ಬಾಯಿ ಬಿಟ್ರೆ ಅಕ್ಕ ಈ ಜಲ್ಮದಾಗೆ ನನ್ನ ಮಾತಾಡ್ಸಲ್ಲ ಕಣ್ಲಾ" ಅಂದಳು. ಅವಳಿಗೆ ಅಕ್ಕನ ಚಿಂತೆ, ನನಗೆ ನನ್ನ ಹೆಸರಿನ ಚಿಂತೆ. ವಂಶದಲ್ಲೇ ಸುಳ್ಳು ಹೇಳದವನಲ್ಲವೇ ನಾನು.

ಮರುದಿನ ಸೂಜಿ ಇಳಿಯಿತು. ಊರಿಗಾಂ ಕಡೆಯ ನರ್ಸು "ಪಯಪ್ಪಡಾದೀಂಗಮ್ಮಾ" ಎಂದು, ಹೆದರಬೇಡಿ ಅನ್ನುವುದನ್ನು ತನ್ನ ತಮಿಳಿನಲ್ಲಿ ಹೇಳಿ, ತಲೆ ಸವರಿದಳು. ಎರಡು ನಿಮಿಷ ಕಳೆಯುವುದರೊಳಗೆ ಚಿಕ್ಕಮ್ಮನ ಮುಖದ ಮೇಲೆ ನಾನು ಎಂದೂ ಕಾಣದ ನಗು ಬಂತು.

"ಅಕ್ಕಾ, ನಿನ್ ಕೆಂಪು ಉಂಜ ಇತ್ತಲ್ಲ, ಕುಯ್ದೋಳು ನಾನೇ. ಸಾರು ಚೆಂದಾಗಿತ್ತಾ?"

ನಾನು ಫ್ಯಾನು ನೋಡತೊಡಗಿದೆ. ದೊಡ್ಡಮ್ಮ ಅವಳ ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿಸಿದಳು. "ಉಪ್ಪು ಒಸಿ ಕಮ್ಮಿ ಇತ್ತು ಕಣೇ" ಅಂದಳು. ಆಮೇಲೆ ಮೆಲ್ಲಗೆ, "ಅದು ಯಾರ್ ಕೈಗೂ ಸಿಕ್ತಿರ್ಲಿಲ್ಲ. ಇಡ್ಕೊಟ್ಟೋರು ಯಾರು?" ಎಂದಳು.

ಚಿಕ್ಕಮ್ಮನ ತೋರುಬೆರಳು ನಿಧಾನವಾಗಿ ಮೇಲೆದ್ದಿತು. ಗೋಡೆ ದಾಟಿತು, ಕಿಟಕಿ ದಾಟಿತು, ನನ್ನ ಕಡೆಗೇ ಬರುತ್ತಿತ್ತು. ಅಷ್ಟರಲ್ಲಿ ಟ್ರಾಲಿ ಬಂತು.

ಬಾಗಿಲು ಮುಚ್ಚಿದ ಮೇಲೆ ದೊಡ್ಡಮ್ಮನಿಗೆ ಕೂರಲಾಗಲಿಲ್ಲ. "ನನ್ ಬಾಯಿಂದ್ಲೇ ಇವ್ಳ ಒಟ್ಟೆ ಕುಯ್ಯಂಗಾಯ್ತಲ್ಲಪ್ಪಾ" ಎಂದು ಅತ್ತಳು. ಆಸ್ಪತ್ರೆಯ ಅಂಗಳಕ್ಕೆ ಹೋಗಿ ಒಂದು ಹಿಡಿ ಮಣ್ಣು ಎತ್ತಿಕೊಂಡಳು. ತೂರಲಿಲ್ಲ, "ಬಿಟ್ಟೆ ತಾಯಿ, ಅಂದಿದ್ದೆಲ್ಲಾ ಬಿಟ್ಟೆ" ಅನ್ನುತ್ತಾ ಎತ್ತಿದ ಜಾಗದಲ್ಲೇ ಮೆತ್ತಗೆ ಇಳಿಸಿದಳು. ನಾನು ಆಗ ಹೇಳಬೇಕಿತ್ತು. ಪಕ್ಕದಲ್ಲೇ ನಿಂತಿದ್ದೆ, ಹೇಳಲಿಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸಂಜೆ ಚಿಕ್ಕಮ್ಮ ಕಣ್ಣುಬಿಟ್ಟು ಮೊದಲು ಕೇಳಿದ್ದು ನೀರಲ್ಲ. "ಅಕ್ಕಾ, ನಾನೇನಾದ್ರೂ ಅಂದ್ನಾ?"

ದೊಡ್ಡಮ್ಮ ಅವಳ ಹೊದಿಕೆ ಸರಿಮಾಡಿದಳು. "ಏನೂ ಇಲ್ಲ ಬಿಡು. ನಿದ್ದೆ ಓದೆ."

ಚಿಕ್ಕಮ್ಮ ಇವತ್ತಿಗೂ ತನ್ನ ಗುಟ್ಟು ಭದ್ರವಾಗಿದೆ ಅಂದುಕೊಂಡಿದ್ದಾಳೆ. ಈಗ ಮಂಡಿನೋವು, ಬಸ್ಸು ಹತ್ತಲಾರಳು. ಹಾಗಾಗಿ ಮೊನ್ನೆ ನನ್ನ ಮಂಚದ ಪಕ್ಕ ಕೂತವಳು ದೊಡ್ಡಮ್ಮ ಒಬ್ಬಳೇ.

ಸೂಜಿ ಇಳಿಯುವಾಗ ಹಲ್ಲು ಕಚ್ಚಿ ಹಿಡಿದಿದ್ದೆ. ಎದುರಿನ ಗೋಡೆಯ ಗಡಿಯಾರ ತುಂಬ ಚೆನ್ನಾಗಿದೆ ಅನ್ನಿಸಿದ್ದು ನೆನಪಿದೆ. ಆಮೇಲೆ ಏನೂ ಇಲ್ಲ.

ಎಚ್ಚರವಾದಾಗ ಹರ್ನಿಯಾ ಹೋಗಿತ್ತು. ದೊಡ್ಡಮ್ಮ ಅದೇ ಸ್ಟೂಲಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಒಣಗಿದ ನಾಲಗೆ ತಿರುಗಿಸಿಕೊಂಡು ಕೇಳಿದೆ: "ದೊಡ್ಡಮ್ಮ, ನಾನೇನಾದ್ರೂ ಮಾತಾಡಿದ್ನಾ?"

ಅವಳು ಎಲೆ ಮಡಿಸಿ ಬಾಯಿಗಿಟ್ಟುಕೊಂಡು ನನ್ನ ಹೊದಿಕೆ ಸರಿಮಾಡಿದಳು.

"ಏನೂ ಇಲ್ಲ ಬಿಡಪ್ಪ. ನಿದ್ದೆ ಓದೆ."

ಅಂದು ಚಿಕ್ಕಮ್ಮನಿಗೆ ಹೇಳಿದ್ದೂ ಇದೇ ಮಾತು; ನಾನು ಸಿಕ್ಕಿಬಿದ್ದಿದ್ದೆ. ಜೊತೆಗೇ, ಇಷ್ಟು ವರ್ಷ ಹೊತ್ತದ್ದನ್ನು ಯಾರೋ ಇಳಿಸಿಕೊಂಡಂತೆ ಹಗುರವೂ ಆಯಿತು. ಅವಳು ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋಗಿ ತಿರುಗಿ ನಿಂತಳು.

"ವಾಸಿಯಾದ್ಮೇಲೆ ಊರ್ ಕಡೆ ಬಾ. ಬರೋವಾಗ ನಡ್ಕೊಂಡು ಬಾ. ಒಸಾ ಉಂಜ ಸಾಕಿವ್ನಿ."