ಚೆನ್ನಾಗಿತ್ತು ಎಂಬ ಒಂದೇ ಮಾತು

ಹಗಲು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ, ಸಂಜೆ ಸೈಕಲ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಹಾಸ್ಯ ತಂಡವನ್ನು ತಿದ್ದುವ ಕೆಲಸ. ಅಕ್ಕನ ಬದುಕು ಇಷ್ಟೇ. ಬರೆದಿಟ್ಟ ಮಾತಿಲ್ಲದೆ, ನಿಂತ ನಿಲುವಿನಲ್ಲೇ ಕತೆ ಹುಟ್ಟಿಸಿ ನಗಿಸುವ ಆಟ ಅದು. ತಂಡ ಕಟ್ಟಿದವನು ಅವಳ ತಮ್ಮ. ಅವನಿಗೆ ನಗಿಸುವುದು ನೀರು ಕುಡಿದಷ್ಟು ಸಲೀಸು. ಇವಳಿಗೆ ಅದು ಬಾರದು, ಆದರೆ ನಗು ಎಲ್ಲಿ ಕೆಟ್ಟಿತೆಂದು ತಟ್ಟನೆ ಕಾಣುತ್ತಿತ್ತು.

"ಅವನು ನಿನ್ನನ್ನ ಡಾಕ್ಟ್ರೇ ಅಂತ ಕರೆದ. ನೀನು ಕೇಳಿಸ್ಕೊಳ್ದೆ ಬಸ್ ಓಡಿಸ್ತಾನೇ ಇದ್ದೆ. ರೋಗಿ ಪಾಪ ಸ್ಟಾಪಲ್ಲೇ ಉಳ್ಕೊಂಡ" ಎಂದು ಆಟ ಮುಗಿದ ಮೇಲೆ ಆಡಿದವರಿಗೆ ಹೇಳುವಳು. ತಿದ್ದಿಸಿಕೊಂಡವರೇ ಮೊದಲು ನಗುತ್ತಿದ್ದರು.

ಮೆದುಳು ಜ್ವರ ಬಂದು ತಮ್ಮ ತೀರಿಕೊಂಡ. ಕೆಲವು ತಿಂಗಳ ಮೇಲೆ ಅವನ ಹೆಂಡತಿ ಹಾಲ್‌ಗೆ ಬಂದಳು. "ನಾನೂ ಸೇರ್ಕೊಳ್ತೀನಿ ಅತ್ತಿಗೆ. ಗೋಡೆ ನೋಡಿ ನೋಡಿ ಸಾಕಾಯ್ತು."

ಅವಳ ಆಟ ನೋಡುವಂತಿರಲಿಲ್ಲ. ಎದುರಿನವರು ಬಾಯಿ ತೆರೆಯುವ ಮೊದಲೇ ಜೋಕಿನ ಮೇಲೆ ಜೋಕು ಸುರಿಯುವಳು. ಜೊತೆಯವರು ಹಲ್ಲು ಕಿರಿದು ಸುಮ್ಮನಾಗುವರು. ಉಳಿದವರ ತಪ್ಪನ್ನೆಲ್ಲ ಎಳೆಎಳೆಯಾಗಿ ಬಿಡಿಸುವ ಅಕ್ಕ, ಅವಳ ಸರದಿಗೆ ಮಾತ್ರ "ಚೆನ್ನಾಗಿತ್ತು ಕಣೆ" ಎಂದು ನೆಲ ನೋಡುವಳು.

ಒಂದು ಸಂಜೆ ಎಲ್ಲರೂ ಹೊರಟ ಮೇಲೆ ತಮ್ಮನ ಹೆಂಡತಿ ಕೇಳಿಯೇಬಿಟ್ಟಳು. "ಎಲ್ಲರಿಗೂ ಏನಾದ್ರೂ ಹೇಳ್ತೀರ. ನಂಗೆ ಮಾತ್ರ ಚೆನ್ನಾಗಿತ್ತು. ಇಲ್ಲೂ ನಾನು ಗಂಡ ಸತ್ತವಳೇನಾ?"

ಅಕ್ಕ ನೆಲ ನೋಡುತ್ತಲೇ ಹೇಳಿದಳು. "ನೀನು ಎದುರಿಗಿರೋರ ಮುಖಾನೇ ನೋಡಲ್ಲ. ಅವರ ಮಾತು ಮುಗಿಯೋತನಕ ಕಾಯಿ. ಏನೂ ಹೊಳೀದಿದ್ರೆ ಸುಮ್ನೆ ನಿಂತ್ಕೋ."

"ಸುಮ್ನೆ ನಿಂತ್ರೆ ಅಳು ಬರುತ್ತೆ."

"ಗೊತ್ತು."

"ನೀವೂ ನನ್ನ ಮುಖ ನೋಡಲ್ಲ, ಅತ್ತಿಗೆ."

ನಿಜ. ಆ ಮುಖ ಕಂಡರೆ ತಮ್ಮನ ಸಾವು ಮತ್ತೆ ಹಸಿಯಾಗುತ್ತಿತ್ತು. ಅಕ್ಕ ಕಷ್ಟಪಟ್ಟು ಕತ್ತೆತ್ತಿದಳು. ಅಲ್ಲಿಯವರೆಗೆ ಬೇರೆಬೇರೆಯಾಗಿ ಅತ್ತಿದ್ದ ಇಬ್ಬರೂ ಅಂದು ಒಟ್ಟಿಗೆ ಅತ್ತರು.

ಮುಂದಿನ ವಾರ ತಮ್ಮನ ಹೆಂಡತಿಯ ಸರದಿ ಬಂದಾಗ ಜೊತೆಯವನು ಬಟ್ಟೆ ಅಂಗಡಿಯವನಾಗಿ, "ಯಾರಿಗಮ್ಮ ಶರ್ಟು?" ಎಂದ. ಅವಳು ಕಾದಳು. ಬಹಳ ಹೊತ್ತು ನಿಂತು, "ಈಗ ಯಾರಿಗೂ ಇಲ್ಲ" ಎಂದಳು. ಯಾರೂ ನಗಲಿಲ್ಲ. ಅವಳು ಅಲ್ಲಿ ನಿಜವಾಗಿ ಆಡಿದ ಮೊದಲ ಮಾತು ಅದು. ಅಕ್ಕ ಅದನ್ನೇ ಅವಳಿಗೆ ಹೇಳಿದಳು.

ಅವಳು ತಂಡದಲ್ಲಿ ಹೆಚ್ಚು ದಿನ ಉಳಿಯಲಿಲ್ಲ. ನಗಿಸುವುದು ತನ್ನಿಂದಾಗದೆಂದು ತಾನೇ ಬಿಟ್ಟಳು. ಈಗ ಭಾನುವಾರ ಅಕ್ಕನ ಮನೆಗೆ ಬರುತ್ತಾಳೆ. ಇಬ್ಬರೂ ತೀರಿಕೊಂಡವನ ಸುದ್ದಿ ಮಾತಾಡುತ್ತಾರೆ. ಕೆಲವೊಮ್ಮೆ ಮಾತೇ ಇರುವುದಿಲ್ಲ.