ಗುಂಡಿಯಲ್ಲಿ ನಾನೇ ಇಟ್ಟ ಕಲ್ಲು

ಕೊರೊನಾ ಬರುವುದಕ್ಕೆ ಹಿಂದಿನ ವರ್ಷ, ಫೆಬ್ರವರಿಯ ಒಂದು ಮಂಗಳವಾರ ಮಧ್ಯಾಹ್ನ, ಯಳಂದೂರು ತಾಲ್ಲೂಕಿನ ಅಗರದಲ್ಲಿ ನಾನು ಬೇವಿನ ಮರದ ಬುಡದಿಂದ ಒಂದು ಕಲ್ಲು ಕದ್ದೆ. ಅದನ್ನು ತೊಳೆದು, ನಾವು ಅಗೆಯುತ್ತಿದ್ದ ಗುಂಡಿಯ ಗೋಡೆಯೊಳಗೆ ಹುದುಗಿಸಿದೆ. ಮರುದಿನ ಅದು ಅಲ್ಲಿ ‘ಸಿಕ್ಕಿತು’. ಆ ಕಲ್ಲಿನಿಂದಾಗಿ ನನ್ನ ಸಹೋದ್ಯೋಗಿ ಶಿವಮಲ್ಲು ಕೆಲಸ ಕಳೆದುಕೊಂಡ. ಕಳೆದ ತಿಂಗಳವರೆಗೆ ನಾನು ಇದನ್ನು ಯಾರಿಗೂ ಹೇಳಿರಲಿಲ್ಲ.

ನಾವಿಬ್ಬರೂ ಒಂದು ವಿಶ್ವವಿದ್ಯಾಲಯದಲ್ಲಿ ಪ್ರಾಗಿತಿಹಾಸ ಪುರಾತತ್ವದ ಅತಿಥಿ ಉಪನ್ಯಾಸಕರು. ಬೇಸಿಗೆ ಬಂದರೆ ಕೆಲಸ ಮುಗಿಯಿತು. ರಜೆ ಮುಗಿದ ಮೇಲೆ ಹೊಸ ಪಟ್ಟಿಯಲ್ಲಿ ಹೆಸರು ಬಂದರೆ ಮತ್ತೆ ಮೇಷ್ಟ್ರು, ಇಲ್ಲದಿದ್ದರೆ ಯಾರೂ ಅಲ್ಲ. ಅದಕ್ಕೆ ಮುಂಚೆ ಕೆಲವು ವರ್ಷ ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುವ ಡೆಸ್ಕಿನಲ್ಲಿದ್ದೆ. ಯಾರು ಹೇಳಿದರು, ಎಲ್ಲಿ, ಯಾವಾಗ, ನೋಡಿದವರು ಯಾರು — ಇದನ್ನು ಕೇಳದೆ ಒಂದು ಸಾಲನ್ನೂ ಮುಂದೆ ಬಿಡುತ್ತಿರಲಿಲ್ಲ. ಸುಳ್ಳು ಹೇಳುವಾಗಲೂ ಆ ತರಬೇತಿಯೇ ನೆರವಾಯಿತು.

ಕಲ್ಲಿನ ಬಗ್ಗೆ ಹೇಳಬೇಕು. ಅದು ನವಶಿಲಾಯುಗದ ಕೊಡಲಿ: ಅಂಗೈಯುದ್ದ, ಕಪ್ಪು, ಒಂದು ಅಂಚನ್ನು ಉಜ್ಜಿ ಚೂಪು ಮಾಡಿದ್ದು. ಈ ಸೀಮೆಯಲ್ಲಿ ಉಳುವಾಗ ಇಂಥದ್ದು ಸಿಕ್ಕರೆ ಯಾರೂ ಬಿಸಾಡುವುದಿಲ್ಲ. ಮರದ ಬುಡಕ್ಕೆ ತಂದಿಡುತ್ತಾರೆ. ಅರಿಸಿನ, ಕುಂಕುಮ, ಸೋಮವಾರಕ್ಕೊಮ್ಮೆ ಎಣ್ಣೆ — ಅಲ್ಲಿಗೆ ಅದು ದೇವರು. ಅಗರ ಶಿವಮಲ್ಲುವಿನ ಸ್ವಂತ ಊರು. ಆ ಮರದ ಕೆಳಗೆ ಎಣ್ಣೆ ಹುಯ್ಯುತ್ತಿದ್ದವರು ಅವನ ತಾಯಿ ಮಹದೇವಮ್ಮ.

ವಾರಗಟ್ಟಲೆ ಅಗೆದರೂ ನಮ್ಮ ಗುಂಡಿಯಲ್ಲಿ ಸಿಕ್ಕಿದ್ದು ಬೂದಿ ಮತ್ತು ಮಡಕೆ ಚೂರು. ಬುಧವಾರ ವಿಭಾಗದ ಮುಖ್ಯಸ್ಥರು ನೋಡಲು ಬರುವವರಿದ್ದರು. ಏನೂ ಇಲ್ಲದಿದ್ದರೆ ಅಗೆತ ನಿಲ್ಲಿಸುತ್ತೇನೆ, ಆಮೇಲೆ ಇಬ್ಬರನ್ನು ಇಟ್ಟುಕೊಳ್ಳಲು ಆಗುವುದಿಲ್ಲ ಎಂದು ಮೊದಲೇ ಹೇಳಿದ್ದರು. ಮಂಗಳವಾರ ಶಿವಮಲ್ಲು ಪ್ಲಾಸ್ಟಿಕ್ ಚೀಲ ತರಲು ಕೊಳ್ಳೇಗಾಲಕ್ಕೆ ಹೋಗಿದ್ದ. ಆಳುಗಳು ಊಟಕ್ಕೆ ಹೋಗಿದ್ದರು. ನನಗೆ ಭಯವಾಗಿತ್ತು — ಇದನ್ನು ಕಾರಣವೆಂದು ಬರೆಯುತ್ತಿಲ್ಲ. ನಡೆದದ್ದು ಎಂದು ಬರೆಯುತ್ತಿದ್ದೇನೆ.

ಅನುಮಾನವಿರುವ ಸುದ್ದಿಗೆ ನಮ್ಮ ಹೆಸರು ಹಾಕಿಕೊಳ್ಳಬಾರದು ಎಂಬುದು ಡೆಸ್ಕಿನಲ್ಲಿ ಕಲಿತದ್ದು. ಆದ್ದರಿಂದ ಶಿವಮಲ್ಲು ಮರುದಿನ ಕೂತು ಅಗೆಯಬೇಕಿದ್ದ ಬದಿಯ ಗೋಡೆಗೇ ಅದನ್ನು ಒತ್ತಿ, ಮೇಲೆ ಮಣ್ಣು ಮೆತ್ತಿದೆ. ಮುಖ್ಯಸ್ಥರ ಎದುರೇ ಅವನ ಕರಣೆಗೆ ಅದು ತಾಗಿತು. ಬ್ರಷ್ಷಿನಿಂದ ಮಣ್ಣು ಸರಿಸಿ ಎತ್ತಿ ತೋರಿಸಿದ. ಮೇಲೆ ಬಂದವನು ನನ್ನನ್ನು ತಬ್ಬಿಕೊಂಡ. ಅರಿಸಿನ, ಮಸಿ ಮೆತ್ತಿ ದಪ್ಪಗಾಗಿದ್ದ ಕಲ್ಲನ್ನಷ್ಟೇ ಚಿಕ್ಕಂದಿನಿಂದ ನೋಡಿದ್ದ ಅವನಿಗೆ, ತೊಳೆದ ಕಲ್ಲಿನ ಗುರುತು ಸಿಗಲಿಲ್ಲ.

ಮುಂದಿನ ಸೋಮವಾರ ಅವನೇ ಬಂದು ಹೇಳಿದ.

“ಮರದಡೀಲಿ ಒಂದ್ ಕಲ್ಲು ಕಾಣ್ತಿಲ್ಲ ಅಂತಾವ್ಳೆ ಅವ್ವ. ದೇವ್ರೂ ನಮ್ಮಂಗೇ ಟೆಂಪ್ರವರಿ ಆಗ್ಬುಟ್ಟ ಕಣಣ್ಣ.”

ನಾನು ನಕ್ಕೆ.

ನನ್ನ ತಪ್ಪು ನೀರಿನದು. ವರ್ಷಗಟ್ಟಲೆ ಎಣ್ಣೆ ಕುಡಿದ ಕಲ್ಲು ನೀರಿನಲ್ಲಿ ತೊಳೆದರೆ ಶುದ್ಧವಾಗುವುದಿಲ್ಲ. ಪ್ರಯೋಗಾಲಯದಲ್ಲಿ ಭೂತಗನ್ನಡಿ ಹಿಡಿದಾಗ ಅದರ ಸಣ್ಣ ಕುಳಿಗಳಲ್ಲಿ ಕುಂಕುಮವಿತ್ತು. ಹತ್ತಿಗೆ ಎಣ್ಣೆ ಹತ್ತಿತು. ಪೂಜೆಗೆ ಇಟ್ಟಿದ್ದ ಕಲ್ಲನ್ನು ಹೀಗೆ ಗುರುತಿಸಬೇಕು ಎಂದು ತರಗತಿಯಲ್ಲಿ ನಾನೇ ಪಾಠ ಮಾಡಿದ್ದೆ.

ಮುಖ್ಯಸ್ಥರು ಇಬ್ಬರನ್ನೂ ಕರೆಸಿದರು. ತೆಗೆದವನು ಅವನು, ಊರು ಅವನದು, ಮರ ಅವನ ತಾಯಿಯದು. ನಾನಲ್ಲ ಎಂದು ಶಿವಮಲ್ಲು ಹೇಳಿದ. ಮುಖ್ಯಸ್ಥರು ನನ್ನ ಕಡೆ ತಿರುಗಿದರು.

“ಹಿಂದಿನ ದಿನ ಗುಂಡಿ ಹತ್ತಿರ ಯಾರಿದ್ದರು?”

“ಇಬ್ಬರೂ ಇದ್ದೆವು ಸರ್.”

ಇಷ್ಟೇ ನಾನು ಹೇಳಿದ್ದು. ಶಿವಮಲ್ಲು ಬಾಯಿ ತೆರೆಯುವಷ್ಟರಲ್ಲಿ ಮುಖ್ಯಸ್ಥರು ನಮ್ಮನ್ನು ಹೊರಗೆ ಕಳಿಸಿದರು. ಹೊರಗೆ ಬಂದ ಮೇಲೆ ಅವನು ಮೆಲ್ಲಗೆ ಕೇಳಿದ: “ಯಾಕಣ್ಣ ಅಂಗಂದ್ರಿ? ನಾನು ಕೊಳ್ಳೇಗಾಲಕ್ಕೆ ಓಗಿರ್ನಿಲ್ವಾ?” ನೆನಪಿರಲಿಲ್ಲ ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಆ ನೋಟದಲ್ಲಿ ಅವನಿಗೆ ಎಷ್ಟು ಅರ್ಥವಾಗಿತ್ತೋ — ಸಿಕ್ಕಿಬೀಳುವ ಭಯ ಶುರುವಾದದ್ದು ಅಲ್ಲಿ.

ಹೊಸ ಪಟ್ಟಿಯಲ್ಲಿ ನನ್ನ ಹೆಸರಿತ್ತು, ಅವನದಿರಲಿಲ್ಲ. ಕೆಲಸಕ್ಕಾಗಿ ದೇವರನ್ನೇ ಕದ್ದ ಎಂಬ ಮಾತು ಅಗರ ತಲುಪಿತು. “ದೇವ್ರ ತಂದ್ ಮಡಗೋಗಂಟ ನನ್ ಅಟ್ಟಿ ಮೆಟ್ಟಬ್ಯಾಡ ಕಣ್ಲಾ” ಎಂದು ಮಹದೇವಮ್ಮ ಮಗನನ್ನು ಮನೆಯಿಂದ ಹೊರಗೆ ಕಳಿಸಿದರಂತೆ. ಗುಂಡಿ ಅಗೆದ ಆಳೊಬ್ಬರಿಂದ ಇದು ನನಗೆ ಗೊತ್ತಾಯಿತು. ಕಲ್ಲು ವಿಭಾಗದ ಬೀರುವಿನಲ್ಲಿ ಬೀಗದೊಳಗಿತ್ತು. ಅವನು ಎಲ್ಲಿಂದ ತಂದಾನು?

ಆಮೇಲಿನ ವರ್ಷಗಳಲ್ಲಿ ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುತ್ತಿರಲಿಲ್ಲ. ಯಳಂದೂರಿನ ಕಡೆಯವರು ಎಂದು ಯಾರಾದರೂ ಪರಿಚಯಿಸಿಕೊಂಡರೆ ಮಾತು ಬೇರೆ ಕಡೆ ತಿರುಗಿಸುತ್ತಿದ್ದೆ. ಪ್ರತಿ ವರ್ಷ ಪಟ್ಟಿ ಬರುವ ಮುನ್ನ, ಈ ಸಲ ಯಾರೋ ಹೇಳಿಬಿಟ್ಟಿದ್ದಾರೆ ಎಂದೇ ಅನ್ನಿಸುತ್ತಿತ್ತು — ಹೇಳಬೇಕಾದವನು ನಾನೊಬ್ಬನೇ ಎಂಬುದು ಗೊತ್ತಿದ್ದೂ.

ಈ ವರ್ಷ ಬಂಡಳ್ಳಿಯ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: ನಮ್ಮೂರ ಮರದ ಕೆಳಗೂ ಇಂಥ ಕಲ್ಲಿದೆ, ಒಂದನ್ನು ತಂದು ತೋರಿಸಲೇ ಸರ್? ಮುಟ್ಟಬೇಡ ಎಂದು ಕೂಗಿದೆ. ಅವಳು ಹೆದರಿ ಕುಳಿತಳು. ಅವಳ ಮುಖ ನೋಡಿದ ಮೇಲೆ ಪಾಠ ಮುಂದುವರಿಸಲು ನನ್ನಿಂದ ಆಗಲಿಲ್ಲ.

ಕಳೆದ ತಿಂಗಳು ಮುಖ್ಯಸ್ಥರಿಗೆ ಎಲ್ಲವನ್ನೂ ಹೇಳಿದೆ. ಸಮಿತಿಯ ಮುಂದಿಡುತ್ತೇನೆ, ನಿಮ್ಮ ಕೆಲಸ ಉಳಿಯುವುದಿಲ್ಲ ಎಂದರು. ಅಲ್ಲಿಂದ ಹನೂರಿಗೆ ಹೋದೆ. ಶಿವಮಲ್ಲು ಅಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಾನೆ. ಗೇಟಿನ ಬಳಿ ನಿಂತೇ ಕೊನೆಯವರೆಗೆ ಕೇಳಿಸಿಕೊಂಡ.

“ಅವ್ವನ್ಗೆ ಯೋಳಿದ್ರಾ ಸಾ?”

ಅಣ್ಣ ಎನ್ನಲಿಲ್ಲ. ಇಲ್ಲ ಎಂದೆ.

“ಮೊದ್ಲು ಅಲ್ಲಿಗೋಗ್ಬೇಕಿತ್ತು ನೀವು.” ಗಂಟೆ ಹೊಡೆಯಿತು, ಒಳಗೆ ಹೋದ.

ಭಾನುವಾರ ಅಗರಕ್ಕೆ ಹೋದೆ. ಮಹದೇವಮ್ಮ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ಹೇಳಿದೆ. ಇನ್ನೊಂದು ಸಲ ಹೇಳಲು ಹೇಳಿದರು. ಮತ್ತೆ ಹೇಳಿದೆ.

“ಅಂಗಾರೆ ನನ್ ಮಗ ಅಲ್ವಾ?”

“ಅಲ್ಲ ಅವ್ವ. ನಾನು.”

ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು. ಫೋನ್ ತಂದು, ಮಗನ ನಂಬರು ಕಣ್ಣಿಗೆ ಕಾಣುವುದಿಲ್ಲವೆಂದು ನನ್ನ ಕೈಗೇ ಕೊಟ್ಟರು. ನಾನೇ ಒತ್ತಿ ಅವರ ಕಿವಿಗೆ ಹಿಡಿದೆ. ಪೂರ್ತಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಒತ್ತಿದೆ. ಅವನು ಎತ್ತಲಿಲ್ಲ.

ಸಮಿತಿ ಇನ್ನೂ ಸೇರಿಲ್ಲ; ಕಲ್ಲು ಬೀರುವಿನಲ್ಲೇ ಇದೆ. ಇದನ್ನು ಬರೆಯುತ್ತಿರುವ ಇಂದಿನವರೆಗೆ ಶಿವಮಲ್ಲು ಅಗರಕ್ಕೆ ಬಂದಿಲ್ಲ.