ಮಾವ ಬೆನ್ನು ಹಾಕಿ ಕಾಯ್ದ ಯಂತ್ರ

ನಮ್ಮ ಮಾವ, ಅಂದರೆ ನನ್ನ ತಾಯಿಯ ತಮ್ಮ, ಒಂದು ಕ್ವಾಂಟಂ ಕಂಪ್ಯೂಟರಿನ ಕಾವಲುಗಾರರು. ಆ ಯಂತ್ರವನ್ನು ಅವರು ಒಮ್ಮೆಯೂ ನೋಡದೆ ಕಾಯುತ್ತಿದ್ದರು ಎಂದು ತಿಳಿದಾಗ ಕುಡಿಯುತ್ತಿದ್ದ ಕಾಫಿ ನನ್ನ ನೆತ್ತಿಗೆ ಹತ್ತಿತು.

ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು ಮಾವನ ಜಾಯಮಾನ. ಹಿಂದೆ ಬ್ಯಾಂಕೊಂದರ ಬಾಗಿಲು ಕಾಯುವಾಗ, ಚೀಲ ಬಿಚ್ಚಿಸದೆ ಯಾರನ್ನೂ ಒಳಗೆ ಬಿಡಬೇಡ ಎಂದಿದ್ದ ಮ್ಯಾನೇಜರರ ಊಟದ ಡಬ್ಬಿಯನ್ನೇ ಬಿಚ್ಚಿಸಿ, ಮೂಸಿ, ಆಮೇಲೆ ಸಲಾಮು ಹೊಡೆದವರು.

ಪ್ರಯೋಗಾಲಯ ಸೇರಿದ ದಿನ ಅಲ್ಲಿನ ವಿಜ್ಞಾನಿ ಮೇಡಂ ಇವರಿಗೆ ಯಂತ್ರದ ವಿಚಿತ್ರ ಹೇಳಿದ್ದರು. "ಇದರೊಳಗಿನ ಉತ್ತರ ಹೌದೂ ಆಗಿರುತ್ತೆ, ಅಲ್ಲವೂ ಆಗಿರುತ್ತೆ, ಎರಡೂ ಒಟ್ಟಿಗೇ. ಅಳೆದು ನೋಡಿದ್ರೋ, ಯಾವುದೋ ಒಂದಾಗಿ ಕೂತುಬಿಡುತ್ತೆ. ಅದಕ್ಕೇ ಅಂಕಲ್, ನೀವೂ ಆ ಕಡೆ ಕಣ್ಣು ಹಾಕಬೇಡಿ!" ಎಂದು ನಕ್ಕಿದ್ದರು.

ಹೌದು-ಅಲ್ಲದ ವಿಷಯದಲ್ಲಿ ಮಾವನಿಗೆ ಆಶ್ಚರ್ಯವೇನೂ ಕಾಣಲಿಲ್ಲ. ಅತ್ತೆ ಡಬ್ಬಿ ತೆರೆದು ನೋಡುವವರೆಗೂ ಬಿಸ್ಕತ್ತನ್ನು ಅವರು ತಿಂದೂ ಇರುತ್ತಾರೆ, ತಿನ್ನದೆಯೂ ಇರುತ್ತಾರೆ. ಆದರೆ ಮೇಡಂ ನಕ್ಕದ್ದು ಅವರ ಕಿವಿಗೆ ಬೀಳಲಿಲ್ಲ. ಅಪ್ಪಣೆ ಮಾತ್ರ ಬಿತ್ತು. ಅಂದೇ ಬಾಗಿಲ ಹೊರಗಿನ ಅವರ ಕುರ್ಚಿ ಗೋಡೆಯ ಕಡೆ ತಿರುಗಿತು. ಅಪ್ಪಿತಪ್ಪಿ ಕಂಡೀತೆಂದು ಬಾಗಿಲಿನ ಗಾಜಿಗೆ ಹಳೆಯ ದಿನಪತ್ರಿಕೆ ಅಂಟಿತು. ಬಿಸಿಲಿಗಿರಬೇಕು ಎಂದುಕೊಂಡು ಯಾರೂ ಕೇಳಲಿಲ್ಲ. ಕಣ್ಗಾವಲಿನಲ್ಲಿ ಕಣ್ಣಿಗೆ ರಜೆ, ಕಾವಲಿಗೆ ಮಾತ್ರ ಹಾಜರಿ!

ಮೊನ್ನೆ ದೊಡ್ಡ ಅತಿಥಿಗಳು ಬಂದರು. ನಿರ್ದೇಶಕರು ಬಾಗಿಲು ತಳ್ಳಿ, ಕೈ ಚಾಚಿ, "ಇದೇ ನೋಡಿ, ನಮ್ಮ ಹೆಮ್ಮೆ!" ಎಂದರು. ಹೆಮ್ಮೆಯ ಜಾಗದಲ್ಲಿ ಚಾವಣಿಯಿಂದ ಬರೀ ಕೊಕ್ಕೆಗಳು ನೇತಾಡುತ್ತಿದ್ದವು.

ಚಾಚಿದ ಕೈ ಚಾಚಿದಂತೇ ನಿಂತಿತು. ಅತಿಥಿಗಳಲ್ಲೊಬ್ಬರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಎಲ್ರೀ ಯಂತ್ರ?" ನಿರ್ದೇಶಕರ ದನಿ ಕೀರಲಾಯಿತು.

"ಒಳಗೇ ಇರಬೇಕಲ್ಲ ಸಾರ್," ಎಂದರು ಮಾವ, ಗೋಡೆ ನೋಡುತ್ತಲೇ.

"ಈ ಕಡೆ ತಿರುಗ್ರೀ! ಇದೆಯಾ ಹೇಳಿ!"

"ನಾನು ನೋಡೋ ಹಾಗಿಲ್ಲ ಸಾರ್. ಕೆಟ್ಟು ಹೋಗುತ್ತೆ."

"ಯಾರು ಬಂದಿದ್ರು ಇಲ್ಲಿಗೆ?"

"ಹೋದ ವಾರ ಕೆಲವರು ಬಂದಿದ್ರು. ಎಲ್ಲರ ಗುರುತಿನ ಚೀಟಿ ನೋಡೇ ಒಳಗೆ ಬಿಟ್ಟೆ. ಆಚೆ ಬರೋವಾಗ ಅದೂ ಜೊತೆಗಿತ್ತು ಅನ್ಸುತ್ತೆ, ಅದಕ್ಕೇ ಕಣ್ಣು ಮುಚ್ಕೊಂಡೆ. ಭಾರ ಇತ್ತು, ಪಾಪ. ಬಾಗಿಲು ನಾನೇ ಹಿಡ್ಕೊಂಡಿದ್ದೆ."

ನಿರ್ದೇಶಕರು ಕುಸಿದು ಮಾವನ ಕುರ್ಚಿಯಲ್ಲೇ ಕೂತರು. "ನಾಳೆಯಿಂದ ಬರಬೇಡಿ," ಎಂದರು. ಮಾವ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಆ ಕೆಲಸವೊಂದೇ ಮನೆಗೆ ಆಧಾರ.

ಗಲಾಟೆ ಕೇಳಿ ಮೇಡಂ ಓಡಿಬಂದರು. "ಸಾರ್, ಪೈಪು ಸೋರ್ತಿತ್ತು ಅಂತ ಕೆಳಗಿನ ವರ್ಕ್‌ಶಾಪಿಗೆ ನಾನೇ ಕಳಿಸಿದ್ದು. ನಿಮಗೂ ಹೇಳಿದ್ನಲ್ಲ? ಮೊಬೈಲ್ ನೋಡ್ತಾ ಹ್ಞೂಂ ಹ್ಞೂಂ ಅಂದ್ರಿ."

ನಿರ್ದೇಶಕರು ಈಗಲೂ ಕೈಯಲ್ಲಿದ್ದ ಮೊಬೈಲನ್ನು ಮೆಲ್ಲಗೆ ಜೇಬಿಗಿಳಿಸಿದರು. ಮಾವನ ಕೆಲಸ ಉಳಿಯಿತು, ಒಂದು ಷರತ್ತಿನ ಮೇಲೆ: ಇನ್ನು ಮುಂದೆ ಕಣ್ಣು ಬಿಟ್ಟು ಕಾಯಬೇಕು.

ಮೇಡಂ ಮಾವನನ್ನು ವರ್ಕ್‌ಶಾಪಿಗೆ ಕರೆದೊಯ್ದು ಯಂತ್ರ ತೋರಿಸಿದರು. ತಲೆಕೆಳಗಾದ ಗೋಪುರದಂತೆ, ಅಂತಸ್ತಿನ ಕೆಳಗೆ ಅಂತಸ್ತಾಗಿ, ಚಿನ್ನದ ಲೇಪದಲ್ಲಿ ಥಳಥಳಿಸುತ್ತಿತ್ತಂತೆ. "ಇದಕ್ಕಾ ನಾನು ಬೆನ್ನು ಹಾಕಿ ಕೂತಿದ್ದು?" ಎನ್ನುತ್ತ ಮಾವ ನೆಲದ ಮೇಲೇ ಕುಳಿತುಬಿಟ್ಟರು.

ಈಗ ಯಂತ್ರ ಮೇಲಕ್ಕೆ ಮರಳಿದೆ, ಕುರ್ಚಿಯೂ ತಿರುಗಿದೆ. ನಿನ್ನೆ ಊಟದ ಹೊತ್ತಿಗೆ ಮಾವನ ಮುಖ ಬಾಡಿತ್ತು. ಮತ್ತೇನಾಯಿತು ಎಂದು ಕೇಳಿದೆ.

"ಬೆಳಗಿಂದ ಕಣ್ಣು ಮಿಟುಕಿಸದೆ ನೋಡ್ತಿದ್ದೀನಿ ಕಣೋ," ಎಂದರು. "ಅದಕ್ಕೆ ಏನಂದ್ರೆ ಏನೂ ಆಗಲಿಲ್ಲ!"

"ರೀ," ಎಂದರು ಅತ್ತೆ, ಬಿಸ್ಕತ್ತಿನ ಡಬ್ಬಿ ಅಲ್ಲಾಡಿಸಿ ನೋಡುತ್ತ, "ನೀವು ದಿಟ್ಟಿಸಿದ್ರೆ ಈ ಮನೇಲೇ ಯಾರೂ ಹೆದರಲ್ಲ. ಇನ್ನು ಅದು ಹೆದರುತ್ತಾ?"